ಗದ್ದಕ್ಕೊಂದು ಕಾಂಬೋ ಆಫರ್

ರಾತ್ರಿ ಹನ್ನೊಂದೂವರೆ. ಬೆಂಗಳೂರಿನ ಪಿಜಿಯಲ್ಲಿ ಇನ್ನೇನು ಲೈಟ್ ಆರಿಸಬೇಕು, ಅಷ್ಟರಲ್ಲಿ ವಾಟ್ಸ್‌ಆ್ಯಪ್ ಟಣ್ ಅಂತು. ಜೇವರ್ಗಿ ಕಾಕಾನ ಮಗಳು.

"ಅಕ್ಕಾ, ಇದೊಂದು ನೋಡು. ಮನ್ಯಾಗ ಯಾರಿಗೂ ಹೇಳಬ್ಯಾಡ."

ಕೆಳಗೊಂದು ಪೋಸ್ಟರ್. ಒಬ್ಬ ಚೆಲುವೆಯ ಪಕ್ಕಮುಖ, ಚಾಕುವಿನಿಂದ ಕೊರೆದಂಥ ದವಡೆ. ಪಕ್ಕದಲ್ಲಿ ಪಟ್ಟಿ: ಗದ್ದಕ್ಕೆ ಫಿಲ್ಲರ್, ಗದ್ದದ ಕೆಳಗೆ ಲೈಪೊಸಕ್ಷನ್, ಕೆನ್ನೆಯೊಳಗಿನ ಕೊಬ್ಬು ತೆಗೆಯೋದು, ದವಡೆಯ ಸ್ನಾಯುವಿಗೆ ಬೊಟಾಕ್ಸ್. ನಾಲ್ಕೂ ಒಂದೇ ದಿನ, ಒಂದೇ ರೇಟು. ಈ ತಿಂಗಳೊಳಗೆ ಬುಕ್ ಮಾಡಿದರೆ ರಿಯಾಯಿತಿ, ಜೊತೆಗೆ ಇಎಂಐ. ಖಾನಾವಳಿಯ ಫುಲ್ ಊಟದ ಬೋರ್ಡಿನ ಹಾಗೇ ಇತ್ತು.

ಬೇರೆ ಯಾರಾದರೂ ಕಳಿಸಿದ್ದರೆ "ಹುಚ್ಚಿ, ಮಲಕೋ" ಅಂತ ಒಂದು ನಗುವ ಎಮೋಜಿ ಹಾಕಿ ಮುಗಿಸುತ್ತಿದ್ದೆ. ಇವಳಿಗೆ ಹಾಗೆ ಮಾಡಲು ಆಗಲಿಲ್ಲ. ಎರಡು ವರ್ಷದ ಹಿಂದೆ ಇಂಥದೇ ಒಂದು ಪೋಸ್ಟರ್ ನಂಬಿ, ಮನೆಯಲ್ಲಿ ಯಾರಿಗೂ ಹೇಳದೆ ಹೋದವಳು ನಾನೇ. ಅದನ್ನು ಇಲ್ಲಿಯತನಕ ಯಾರಿಗೂ ಹೇಳಿಲ್ಲ. ಇವತ್ತು ನಿಮಗೆ ಹೇಳ್ತಿದ್ದೀನಿ.

ಆಯಿಯ ಗದ್ದ

ನಮ್ಮ ಮನೆತನದ ಗದ್ದ ಸ್ವಲ್ಪ ಒಳಗೆ. ಆಳಂದದ ನಮ್ಮ ಆಯಿಯಿಂದ ಬಂದದ್ದು. ಆಯಿಗೆ ಅದೊಂದು ವಿಷಯವೇ ಆಗಿರಲಿಲ್ಲ. ಆಕೆಯ ಕಾಲದಲ್ಲಿ ಪಕ್ಕದಿಂದ ಫೋಟೋ ತೆಗೆಯೋರು ಯಾರಿದ್ದರು? ಫೋಟೋ ಅಂದರೆ ಗೋಡೆಗೆ ಒರಗಿ, ನೇರ ನೋಡಿ, ಉಸಿರು ಬಿಗಿ ಹಿಡಿಯೋದು, ಅಷ್ಟೇ.

ನಮ್ಮ ಪಾಡು ಬೇರೆ. ವಿಡಿಯೊ ಕಾಲ್, ರೀಲ್ಸ್, ಮದುವೆಗೆ ಡ್ರೋನು. ಮುಖವನ್ನು ಹತ್ತಿರದಿಂದ ಹಿಡಿದರೆ ಮೊಬೈಲ್ ಕ್ಯಾಮೆರಾ ಮೂಗನ್ನು ದೊಡ್ಡದು ಮಾಡುತ್ತೆ, ಗದ್ದವನ್ನು ಇನ್ನೂ ಹಿಂದೆ ತಳ್ಳುತ್ತೆ. ಫಿಲ್ಟರ್ ಹಾಕಿದರೆ ಅದೇ ಗದ್ದ ಚೂಪಾಗಿ ಮುಂದೆ ಬರುತ್ತೆ. ಫಿಲ್ಟರ್ ತೆಗೆದ ಕ್ಷಣ ನಮ್ಮದೇ ಮುಖ ಬೇರೆ ಯಾರದೋ ಅನಿಸುತ್ತೆ.

ತಂಗಿಗೆ ಇದರ ಮೇಲೆ ಇನ್ನೊಂದು ಸೇರಿತ್ತು. ಹಿಂದಿನ ವಾರ ಅಫಜಲಪುರದ ಕಡೆಯಿಂದ ನೋಡಲು ಬಂದಿದ್ದರು. ಚಹಾ, ಚೂಡಾ ಮುಗಿಸಿ ಏಳುವಾಗ ಅವರಲ್ಲಿ ಒಬ್ಬ ಹಿರಿಯಾಕಿ ಮೆಲ್ಲಗೆ ಅಂದಳಂತೆ: "ಹುಡುಗಿ ಛಂದ ಅದಾಳ, ಖರೆ ಗದ್ದ ಒಂಚೂರು ಒಳಗ ಹೋಗ್ಯಾದ." ಅಂದಾಕಿ ಅಂದು ಹೋದಳು. ಇವಳು ಒಂದು ವಾರ ಕನ್ನಡಿ ಮುಂದೆ ನಿಂತಳು.

ನಾನು ಮಾಡಿಸಿಕೊಂಡದ್ದು

ನಾನು ಹೋದದ್ದು ಎರಡರ ಕಾಂಬೋಗೆ. ಗದ್ದಕ್ಕೆ ಹಯಲುರಾನಿಕ್ ಆ್ಯಸಿಡ್ ಫಿಲ್ಲರ್, ಗದ್ದದ ಕೆಳಗೆ ಕೊಬ್ಬು ಕರಗಿಸುವ ಇಂಜೆಕ್ಷನ್. ಎರಡೂ ಒಂದೇ ಮಧ್ಯಾಹ್ನ. "ಲಂಚ್ ಬ್ರೇಕಲ್ಲಿ ಮುಗಿಯುತ್ತೆ ಮೇಡಂ" ಅಂದರು. ಮುಗೀತು ಕೂಡ. ಎಕ್ಸ್‌ರೇ ಇಲ್ಲ, ಹಲ್ಲು ನೋಡಲಿಲ್ಲ, ಏನಾದರೂ ಔಷಧಿ ತಗೋತೀರಾ ಅಂತಲೂ ಕೇಳಲಿಲ್ಲ. ಸಹಿ ಮಾತ್ರ ಮೂರು ಕಡೆ ಹಾಕಿಸಿಕೊಂಡರು.

ಮರುದಿನ ಕೊರಳು ಕಪ್ಪೆಯ ಗಂಟಲಿನ ಹಾಗೆ ಊದಿತ್ತು. ಅದು ಇಳಿಯುವ ಹೊತ್ತಿಗೆ ಇನ್ನೊಂದು ಗೊತ್ತಾಯಿತು. ನಕ್ಕರೆ ಕೆಳತುಟಿ ಎಡಕ್ಕೆ ಮಾತ್ರ ಇಳಿಯುತ್ತಿತ್ತು, ಬಲಗಡೆ ಅಲ್ಲೇ ನಿಂತುಬಿಡುತ್ತಿತ್ತು.

ದವಡೆಯ ಅಂಚಿನಲ್ಲೇ ಒಂದು ಸಣ್ಣ ನರ ಹಾದುಹೋಗುತ್ತೆ. ಕೆಳತುಟಿಯನ್ನು ಕೆಳಗೆಳೆಯುವ ಕೆಲಸ ಅದರದು. ಇಂಜೆಕ್ಷನ್ ಅದರ ಹತ್ತಿರ ಬಿದ್ದರೆ ನಗು ಸೊಟ್ಟಗಾಗುತ್ತೆ. ಹೆಚ್ಚಿನವರಲ್ಲಿ ಕೆಲವು ವಾರದಲ್ಲಿ ಸರಿಹೋಗುತ್ತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ಗೊತ್ತಿದ್ದದ್ದು ಒಂದೇ, ಮುಂದಿನ ವಾರ ಆಳಂದದಲ್ಲಿ ಸೋದರತ್ತೆಯ ಮಗಳ ಮದುವೆ. ಮೂರು ದಿನ ಸೆರಗಿನ ತುದಿ ಬಾಯಿಗೆ ಹಿಡಿದೇ ಓಡಾಡಿದೆ. "ಬೆಂಗಳೂರಿಗಿ ಹೋಗಿ ಹುಡುಗಿ ಭಾಳ ನಾಚಕಿ ಕಲತಾಳ" ಅಂತ ಹೆಂಗಸರು ನಕ್ಕರು. ನಗು ಮರಳಿ ಸಮ ಆಗಲು ಏಳು ವಾರ ಬೇಕಾಯಿತು. ಆ ಏಳು ವಾರದಲ್ಲಿ ಫೋನ್ ಮಾಡಿದಾಗಲೆಲ್ಲ ಕ್ಲಿನಿಕ್ಕಿನವರು ಹೇಳಿದ್ದು ಒಂದೇ ಮಾತು, "ನಾರ್ಮಲ್ ಮೇಡಂ."

ಫಿಲ್ಲರ್ ವರ್ಷ ಕಳೆಯುವ ಹೊತ್ತಿಗೆ ಕರಗಿತು. ಆಯಿಯ ಗದ್ದ ತನ್ನ ಜಾಗಕ್ಕೆ ಮರಳಿತು.

ಅಫಜಲಪುರದ ತಮ್ಮ

ಇಷ್ಟು ಓದಿ, ಮುಖಕ್ಕೆ ಕತ್ತರಿ ಹಾಕಿಸೋದೆಲ್ಲ ದುಡ್ಡಿದ್ದವರ ಹುಚ್ಚು ಅಂತ ನೀವು ತೀರ್ಮಾನ ಮಾಡಬೇಡಿ. ಅದೇ ನಮ್ಮ ಬಳಗದಲ್ಲಿ ಇನ್ನೊಂದು ಗದ್ದವೂ ಇದೆ.

ಅಫಜಲಪುರದ ದೊಡ್ಡವ್ವನ ಮಗ ಆರು ವರ್ಷದವನಿದ್ದಾಗ ಮಾಳಗಿ ಮೇಲಿಂದ ಬಿದ್ದ. ಗದ್ದ ಊರಿಯೇ ಬಿದ್ದಿದ್ದ. ಮೂರು ಹೊಲಿಗೆ ಹಾಕಿದರು, ಗಾಯ ಮಾಯಿತು, ಎಲ್ಲರೂ ಮರೆತರು. ಕಿವಿಯ ಮುಂದಿರುವ ದವಡೆಯ ಕೀಲನ್ನು ಯಾರೂ ನೋಡಲಿಲ್ಲ. ಗದ್ದಕ್ಕೆ ಬಿದ್ದ ಪೆಟ್ಟು ನೇರ ಹೋಗಿ ತಾಗೋದು ಅಲ್ಲಿಗೇ. ಮಕ್ಕಳಲ್ಲಿ ಆ ಕೀಲಿನೊಳಗೆ ರಕ್ತ ಹೆಪ್ಪುಗಟ್ಟಿ, ಬರಬರುತ್ತ ಎಲುಬು ಎಲುಬಿಗೆ ಬೆಸೆದುಕೊಳ್ಳಬಹುದು. ಆಂಕಿಲೋಸಿಸ್ ಅಂತಾರೆ.

ಎಂಟೊಂಬತ್ತು ವರ್ಷಕ್ಕೆ ಅವನ ಬಾಯಲ್ಲಿ ಒಂದು ಬೆರಳೂ ಹೋಗುತ್ತಿರಲಿಲ್ಲ. ದವಡೆ ಬೆಳೆಯೋದು ಈ ಕೀಲಿನ ಆರೋಗ್ಯವನ್ನೂ ನೆಚ್ಚಿಕೊಂಡಿದೆ. ಹಾಗಾಗಿ ಮುಖದ ಉಳಿದ ಭಾಗ ಬೆಳೆಯಿತು, ಗದ್ದ ಅಲ್ಲೇ ಉಳಿಯಿತು. ಶಾಲೆಯಲ್ಲಿ ಇಟ್ಟ ಅಡ್ಡಹೆಸರುಗಳನ್ನು ಇಲ್ಲಿ ಬರೆಯಲಾರೆ. ಅದಕ್ಕಿಂತ ಕಷ್ಟ ರಾತ್ರಿಯದು. ದವಡೆ ಹಿಂದೆ ಸರಿದರೆ ನಾಲಿಗೆಯೂ ಹಿಂದೆ, ಉಸಿರಿನ ದಾರಿ ಕಿರಿದು. ಅಷ್ಟು ಚಿಕ್ಕ ಹುಡುಗ ದೊಡ್ಡವರ ಹಾಗೆ ಗೊರಕೆ ಹೊಡೆಯುತ್ತಿದ್ದ, ನಡುರಾತ್ರಿ ಎದ್ದು ಕೂತುಬಿಡುತ್ತಿದ್ದ. ದೊಡ್ಡವ್ವ ರೊಟ್ಟಿಯನ್ನು ಬ್ಯಾಳಿಯಲ್ಲಿ ಕಿವುಚಿ, ಹಲ್ಲಿನ ಸಂದಿಯಿಂದ ಒಳಗೆ ದಾಟಿಸುತ್ತಿದ್ದಳು.

ಹನ್ನೆರಡು ವರ್ಷಕ್ಕೆ ಕಲಬುರಗಿಯ ಒಂದು ದಂತ ಕಾಲೇಜಿನಲ್ಲಿ ತೋರಿಸಿದರು. ಮೊದಲು ಬೆಸೆದ ಕೀಲು ಬಿಡಿಸಿದರು. ಬಾಯಿಯೇ ತೆರೆಯದವನಿಗೆ ಅರಿವಳಿಕೆ ಕೊಡೋದೇ ದೊಡ್ಡ ಕೆಲಸ. ಮೂಗಿನಿಂದ ಕ್ಯಾಮೆರಾ ಇರುವ ನಳಿಗೆ ಇಳಿಸಿ ಮಾಡಿದರು. ಆಮೇಲೆ ಒಂದು ವರ್ಷ ಪ್ರತಿದಿನ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ಇಟ್ಟು ಬಾಯಿ ತೆರೆಸುವ ವ್ಯಾಯಾಮ. ಬಿಟ್ಟರೆ ಕೀಲು ಮತ್ತೆ ಬಿಗಿಯುತ್ತೆ. ಅವನು ಅಳುತ್ತಿದ್ದ, ದೊಡ್ಡವ್ವ ತಾನೂ ಅಳುತ್ತ ಕಡ್ಡಿ ಎಣಿಸುತ್ತಿದ್ದಳು.

ಬೆಳವಣಿಗೆ ಮುಗಿದ ಮೇಲೆ ಹಲ್ಲಿಗೆ ಕ್ಲಿಪ್. ಅದಾದ ಮೇಲೆ ಒಂದೇ ಅರಿವಳಿಕೆಯಲ್ಲಿ ಎರಡು ಕೆಲಸ: ಕೆಳದವಡೆ ಮುಂದೆ ತರೋದು, ಜೊತೆಗೇ ಗದ್ದದ ಎಲುಬನ್ನು ಇನ್ನಷ್ಟು ಮುಂದೆ ಸರಿಸೋದು. ಅದೂ ಒಂದು ಕಾಂಬೋನೇ. ಆದರೆ ಅದರಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣ ಇತ್ತು, ಒಂದು ಸರದಿ ಇತ್ತು.

ಈಗ ಅವನು ಕಡಕ್ ರೊಟ್ಟಿ ಶೇಂಗಾ ಹಿಂಡಿ ಹಚ್ಚಿಕೊಂಡು ಕಟಂ ಅಂತ ಕಡಿಯುತ್ತಾನೆ. ಆ ಸಪ್ಪಳ ಕೇಳಲೆಂದೇ ದೊಡ್ಡವ್ವ ಎದುರಿಗೆ ಕೂರುತ್ತಾಳೆ.

(ಮನೆಯಲ್ಲಿ ಮಕ್ಕಳಿದ್ದರೆ ಇದೊಂದು ನೆನಪಿಡಿ. ಗದ್ದ ಊರಿ ಬಿದ್ದ ಮಗುವಿಗೆ ಹೊಲಿಗೆಯಷ್ಟೇ ಸಾಲದು. ಬಾಯಿ ಪೂರ್ತಿ ತೆರೆಯುತ್ತಾ, ಕಿವಿಯ ಮುಂದೆ ನೋವಿದೆಯಾ ನೋಡಿ, ದವಡೆಯ ಎಕ್ಸ್‌ರೇ ಬೇಕಾ ಅಂತ ವೈದ್ಯರನ್ನು ಕೇಳಿ. ನಮ್ಮ ಮೂರು ಬೆರಳು ಅಡ್ಡ ಜೋಡಿಸಿ ನಮ್ಮ ಬಾಯೊಳಗೆ ಹೋಗಬೇಕು. ಮಗುವಿಗೆ ಅದರದೇ ಬೆರಳಿನ ಅಳತೆ.)

ಕಲಬುರಗಿಯ ಶನಿವಾರ

ತಂಗಿಗೆ ಆ ರಾತ್ರಿ ಒಂದೇ ಸಾಲು ಬರೆದೆ: "ದುಡ್ಡು ಕಟ್ಟಬ್ಯಾಡ. ಶನಿವಾರ ಬರ್ತೀನಿ."

ಬಸವ ಎಕ್ಸ್‌ಪ್ರೆಸ್ಸಿಗೆ ಹೋದೆ. ಅವಳು ಜೇವರ್ಗಿಯಿಂದ ಬಸ್ಸಿಗೆ ಬಂದಳು, ಭೀಮಾ ದಾಟಿದರೆ ಒಂದು ತಾಸಿನ ದಾರಿ. ತಮ್ಮನಿಗೆ ಆಪರೇಷನ್ ಮಾಡಿದವರ ಬಳಿಯೇ ಹೋದೆವು. ಒಂದು ವಿಷಯ ನಮ್ಮ ಕಡೆಯ ಬಹಳ ಜನಕ್ಕೆ ಗೊತ್ತಿಲ್ಲ. ದವಡೆ, ಗದ್ದದ ಎಲುಬಿನ ಕೆಲಸ ಕಲಿತ ವೈದ್ಯರು ದಂತ ಕಾಲೇಜುಗಳಲ್ಲೇ ಇರುತ್ತಾರೆ. ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜರಿ ಅನ್ನೋ ವಿಭಾಗ. ಕಲಬುರಗಿಯ ಎಸ್. ನಿಜಲಿಂಗಪ್ಪ ದಂತ ವಿಜ್ಞಾನ ಸಂಸ್ಥೆ, ಅಲ್-ಬದರ್, ಇಎಸ್‌ಐಸಿ ದಂತ ಕಾಲೇಜು, ಹೀಗೆ ಊರಿನಲ್ಲೇ ಒಂದಕ್ಕಿಂತ ಹೆಚ್ಚು ಕಾಲೇಜುಗಳಿವೆ. ಆಳಂದ, ಜೇವರ್ಗಿಯಿಂದ 40 ಕಿ.ಮೀ. ಆಸುಪಾಸು.

ಡಾಕ್ಟರ್ ಪೋಸ್ಟರ್ ನೋಡಿ ನಗಲಿಲ್ಲ, ಬೈಯಲೂ ಇಲ್ಲ. ತಂಗಿಯನ್ನು ನೆಟ್ಟಗೆ ಕೂರಿಸಿ ಹಲ್ಲು ಕಚ್ಚಿಸಿದರು. ತುಟಿ ಸುಮ್ಮನೆ ಕೂಡುತ್ತಾ, ಬಲವಂತದಿಂದ ಕೂಡಿಸ್ತಾಳಾ ನೋಡಿದರು. ರಾತ್ರಿ ಗೊರಕೆ ಇದೆಯಾ, ಬೆಳಿಗ್ಗೆ ಎದ್ದಾಗ ತಲೆ ಭಾರವಾ ಅಂತ ಕೇಳಿದರು. ಪಕ್ಕಮುಖದ ಎಕ್ಸ್‌ರೇ ತೆಗೆಸಿದರು, ಸೆಫಲೋಗ್ರಾಂ ಅಂತಾರೆ. ಅದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಹೇಳಿದರು:

"ನೋಡ್ರಿ, ಹಲ್ಲಿನ ಕಚ್ಚು ಸರಿ ಅದ. ದವಡಿ ಸರಿ ಅದ. ಗದ್ದದ ತುದಿ ಎಲುಬು ಮಾತ್ರ ಐದಾರು ಮಿಲಿಮೀಟರ್ ಹಿಂದದ. ಇದು ರೋಗ ಅಲ್ಲ. ಇದರಿಂದ ಉಸಿರಿಗೂ, ಊಟಕ್ಕೂ ತ್ರಾಸ ಇಲ್ಲ."

"ಮತ್ತ ಗದ್ದದ ಕೆಳಗಿನ ಕೊಬ್ಬು ರೀ?" ಅಂದಳು.

ಅವರು ಅವಳ ಗದ್ದದ ಕೆಳಗೆ ಎರಡು ಬೆರಳಿನಿಂದ ಚಿವುಟಿದರು. "ಕೊಬ್ಬೇ ಇಲ್ಲಲ್ಲವಾ ತಂಗಿ. ಮದುವಿ ಹಂದರ ನೋಡೀಯಿಲ್ಲ? ಮುಂದಿನ ಗೂಟ ಹಿಂದಕ್ಕ ಬಂದರ ಬಟ್ಟಿ ಜೋತು ಬೀಳತದ. ಗೂಟ ಮುಂದಕ್ಕ ತಂದರ ಬಟ್ಟಿ ತಾನೇ ಬಿಗಿ ಆಗತದ. ಗೂಟ ಬಿಟ್ಟು ಬಟ್ಟಿ ಕತ್ತರಿಸಿದರ ಏನಾಗತದ?"

ಕೆಳಮುಖದ ಕಾಂಬೋಗಳ ಗುಟ್ಟು ಆ ಒಂದೇ ಮಾತಿನಲ್ಲಿದೆ. ಗದ್ದ, ದವಡೆ, ಕೊರಳು ಬೇರೆ ಬೇರೆಯಲ್ಲ, ಒಂದನ್ನು ಸರಿಸಿದರೆ ಇನ್ನೊಂದು ಬದಲಾಗುತ್ತೆ. ಗದ್ದದ ಎಲುಬು ಮುಂದೆ ಬಂದರೆ ಅದಕ್ಕೆ ಅಂಟಿರುವ ಕೊರಳಿನ ಸ್ನಾಯುಗಳೂ ಬಿಗಿಯುತ್ತವೆ. 'ಡಬಲ್ ಚಿನ್' ಅಂದುಕೊಂಡದ್ದರಲ್ಲಿ ಎಷ್ಟೋ ಭಾಗ ಹಾಗೇ ಮಾಯ. ಕೊಬ್ಬು ಖರೇನೇ ಇದ್ದವರಿಗೆ ಎಲುಬಿನ ಕೆಲಸದ ಜೊತೆಗೇ ಲೈಪೊಸಕ್ಷನ್ ಮಾಡಬಹುದು. ಒಂದೇ ಅರಿವಳಿಕೆ, ಒಂದೇ ರಜೆ, ಒಂದೇ ಸಲ ಬಾವು. ಕೂಡಿಸೋದರ ಲಾಭ ಇದು. ಕೂಡಿಸಿದಷ್ಟೂ ಆಪರೇಷನ್ ಹೊತ್ತು ಉದ್ದ, ಬಾವು ಹೆಚ್ಚು, ಏನಾದರೂ ಕೆಟ್ಟರೆ ಯಾವುದರಿಂದ ಅಂತ ಹೇಳೋದು ಕಷ್ಟ. ನಷ್ಟ ಇದು.

ಗದ್ದದ ಎಲುಬು ಸರಿಸುವ ಆಪರೇಷನ್ನಿಗೆ ಜೀನಿಯೋಪ್ಲಾಸ್ಟಿ ಅಂತ ಹೆಸರು. ಹೊಸದೇನಲ್ಲ. ಓಟ್ಟೊ ಹೋಫರ್ ಅನ್ನುವವರು ಇದನ್ನು 1942ರಲ್ಲಿ ವಿವರಿಸಿದ್ದರು, 1957ರಲ್ಲಿ ಹ್ಯೂಗೊ ಒಬ್ವೆಗೆಸರ್ ಬಾಯೊಳಗಿನಿಂದಲೇ ಮಾಡುವ ದಾರಿ ತೋರಿಸಿದರು. ಕೆಳತುಟಿಯ ಒಳಗೆ ಕೊಯ್ದು, ಹಲ್ಲಿನ ಬೇರಿನ ಕೆಳಗೆ ಎಲುಬು ಕತ್ತರಿಸಿ, ಮುಂದೆ ಸರಿಸಿ, ಟೈಟೇನಿಯಂ ಪ್ಲೇಟು, ಸ್ಕ್ರೂ ಹಾಕುತ್ತಾರೆ. ಹೊರಗೆ ಗಾಯದ ಗುರುತಿಲ್ಲ. ಆದರೆ ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಕೊಡುವ ನರ ಅಲ್ಲೇ ಪಕ್ಕದಲ್ಲಿದೆ. ಮರಗಟ್ಟಿದ ಹಾಗಾಗೋದು ಸಾಮಾನ್ಯ. ವಾರಗಳಲ್ಲಿ, ತಿಂಗಳುಗಳಲ್ಲಿ ಹೋಗುತ್ತೆ, ಕೆಲವರಲ್ಲಿ ಒಂದಿಷ್ಟು ಉಳಿದೇಬಿಡುತ್ತೆ. ತುಟಿಯ ಮೇಲೆ ಸಾರು ಇಳಿದದ್ದು ಗೊತ್ತಾಗದೆ ಇರೋದು ಏನು ಅಂತ ಸಹಿ ಹಾಕುವ ಮೊದಲೇ ಯೋಚಿಸಬೇಕು.

ಬೇರೆ ದಾರಿಗಳೂ ಇವೆ. ಸಿಲಿಕೋನ್ ಇಂಪ್ಲಾಂಟ್ ಇಡಬಹುದು, ಕೆಲಸ ಬೇಗ ಮುಗಿಯುತ್ತೆ. ಆದರೆ ಸೋಂಕು ಆಗಬಹುದು, ಜಾಗ ಬಿಟ್ಟು ಸರಿಯಬಹುದು, ಕೆಳಗಿನ ಎಲುಬು ಸವೆಯಬಹುದು. ಫಿಲ್ಲರ್ ಬೇಡ ಅನಿಸಿದರೆ ಕರಗಿಸಲು ಔಷಧಿ ಇದೆ, ಆದರೆ ರಕ್ತನಾಳದೊಳಗೆ ಹೋದರೆ ಚರ್ಮವೇ ಸಾಯುವ ಅಪಾಯ ಇದೆ. ಹಾಗಾದಾಗ ತಕ್ಷಣ ಗುರುತಿಸಿ ಉಪಚಾರ ಮಾಡಬಲ್ಲ ವೈದ್ಯರೇ ಕೊಡಬೇಕು, ಪಾರ್ಲರಿನಲ್ಲಿ ಅಲ್ಲ. ದವಡೆಯ ಬೊಟಾಕ್ಸ್ ಮೂರರಿಂದ ಆರು ತಿಂಗಳ ಮಾತು. ಕೆನ್ನೆಯ ಒಳಕೊಬ್ಬು ಮಾತ್ರ ತೆಗೆದರೆ ಮುಗೀತು, ವಾಪಸ್ ಬರಲ್ಲ. ಇಪ್ಪತ್ತೈದಕ್ಕೆ ಚೂಪಾಗಿ ಕಂಡ ಕೆನ್ನೆ ನಲವತ್ತೈದಕ್ಕೆ ಗುಳಿ ಬಿದ್ದ ಹಾಗೆ ಕಾಣಬಹುದು.

"ಪೋಸ್ಟರಿನ್ಯಾಗ ನಾಕದಾವ. ನಿನಗ ಹೊಂದೋದು ಅದರಾಗ ಒಂದೂ ಇಲ್ಲ," ಅಂದರು ಡಾಕ್ಟರ್. "ಮಾಡಿಸಲೇಬೇಕಂದ್ರ ಐದನೇದು, ಎಲುಬಿಂದು. ಅದೂ ಅವಸರ ಇಲ್ಲ. ಮೂರು ತಿಂಗಳು ಬಿಟ್ಟು ಬಾ. ಆಗಲೂ ಬೇಕನ್ನಿಸಿದರ ಮಾತಾಡೋಣು. ಮನ್ಯಾಗ ಹೇಳಿ ಬಾ."

ಮನೆಯಲ್ಲಿ ಹೇಳೋದು

ಕೊನೆಯ ಆ ಮಾತು ನಮ್ಮಿಬ್ಬರಿಗೂ ತಾಗಿತು. ನಿಮಗೆ ನೆನಪಿರಬಹುದು. 'ಗೀತಾ', 'ದೊರೆಸಾನಿ' ಧಾರಾವಾಹಿಗಳ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ 2022ರ ಮೇ 16ರಂದು ತೀರಿಕೊಂಡರು. 21 ವರ್ಷ. ಹೆತ್ತವರಿಗೆ ತಿಳಿಸದೆ ಹೋಗಿದ್ದರು ಅಂತ ಆಗ ಸುದ್ದಿಯಾಗಿತ್ತು. ಅದು ಗದ್ದದ ಆಪರೇಷನ್ ಅಲ್ಲ, ನಿಜ. ಹೇಳಿದ್ದರೆ ಉಳಿಯುತ್ತಿದ್ದರು ಅಂತಲೂ ಯಾರೂ ಹೇಳಲಾರರು. ಆದರೆ ಅರಿವಳಿಕೆಯ ಕೋಣೆಗೆ ಹೋಗುವಾಗ ಬಾಗಿಲ ಹೊರಗೆ ಪ್ರಶ್ನೆ ಕೇಳುವ ಒಬ್ಬರಾದರೂ ಇರಬೇಕು. ನಾವು ಗುಟ್ಟು ಮಾಡುವುದು ನಾಚಿಕೆಗೆ. ಆ ನಾಚಿಕೆ ಕ್ಲಿನಿಕ್ಕುಗಳಿಗೂ ಅನುಕೂಲ, ಕೆಟ್ಟರೆ ಕೇಳೋರು ಬರಲ್ಲ.

ಎರಡು ವರ್ಷದ ಹಿಂದೆ ನಾನು ಕೇಳಬೇಕಿದ್ದ ಪ್ರಶ್ನೆಗಳು ಇವು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ:

• ಮಾಡುವವರ ಪದವಿ ಏನು? ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ, ಇಲ್ಲವೇ ಮ್ಯಾಕ್ಸಿಲೋಫೇಶಿಯಲ್ ಸರ್ಜರಿಯಲ್ಲಿ ಎಂಡಿಎಸ್ ಇದೆಯಾ?

• ಆ ಜಾಗ ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿ ನೋಂದಣಿಯಾಗಿದೆಯಾ? ಅರಿವಳಿಕೆ ತಜ್ಞರು ಯಾರು? ಐಸಿಯು ಎಲ್ಲಿದೆ?

• ನನ್ನ ತೊಂದರೆ ಎಲುಬಿನದಾ, ಕೊಬ್ಬಿನದಾ, ಸ್ನಾಯುವಿನದಾ? ಎಕ್ಸ್‌ರೇ ನೋಡದೆ ಹೇಗೆ ಗೊತ್ತಾಯಿತು?

• ಈ ಪಟ್ಟಿಯಲ್ಲಿ ಒಂದನ್ನು ಬಿಟ್ಟರೆ ಏನಾಗುತ್ತೆ? ಯಾವುದನ್ನು ಹಿಂದೆ ತರಬಹುದು, ಯಾವುದನ್ನು ಆಗಲ್ಲ?

• ಕೆಟ್ಟರೆ ಸರಿಮಾಡುವ ಖರ್ಚು ಯಾರದು?

ಗುಟ್ಕಾ, ತಂಬಾಕು ಇದ್ದವರು ಅದನ್ನೂ ಮುಚ್ಚಿಡದೆ ಹೇಳಬೇಕು. ಬಾಯಿ ಬಿಗಿದಿದ್ದರೆ ಅರಿವಳಿಕೆಗೇ ಕಷ್ಟ, ಗಾಯ ಮಾಯುವುದೂ ತಡ.

ಹಣದ ಮಾತು. ಅಂದಕ್ಕೆಂದು ಮಾಡಿಸುವ ಆಪರೇಷನ್ನಿಗೆ ಆರೋಗ್ಯ ವಿಮೆ ಬರಲ್ಲ, ಮೇಲೆ ಜಿಎಸ್‌ಟಿ ಬೇರೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಮರುರೂಪಕ್ಕೆ ಮಾಡಿಸಿದರೆ, ಇಲ್ಲವೇ ವೈದ್ಯಕೀಯವಾಗಿ ಅಗತ್ಯ ಅಂತ ವೈದ್ಯರು ಬರೆದುಕೊಟ್ಟರೆ ಮಾತು ಬೇರೆ. ನನ್ನ ಗದ್ದಕ್ಕೂ ತಮ್ಮನ ಗದ್ದಕ್ಕೂ ನಡುವೆ ಇರುವ ಗೆರೆಯನ್ನು ವಿಮೆಯವರೂ ಎಳೆದಿದ್ದಾರೆ.

ಆವತ್ತು ಸಂಜೆ ಜೇವರ್ಗಿಯಲ್ಲಿ ತಂಗಿ ಚಿಗವ್ವನಿಗೆ ಎಲ್ಲ ಹೇಳಿದಳು. ಅವಳಿಗೆ ಧೈರ್ಯ ಬರಲಿ ಅಂತ ಮೊದಲು ನನ್ನದನ್ನು ನಾನು ಹೇಳಿದೆ. ಬೈಗುಳ ಬೀಳುತ್ತೆ ಅಂತ ಇಬ್ಬರೂ ತಯಾರಾಗಿದ್ದೆವು. ಚಿಗವ್ವ ತೊಗರಿಬೇಳೆ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, ಮೊದಲು ನನ್ನ ತುಟಿಯನ್ನು, ಆಮೇಲೆ ಮಗಳ ಗದ್ದವನ್ನು ಬಹಳ ಹೊತ್ತು ನೋಡಿದಳು.

"ಇದು ನಿಮ್ಮ ಆಯಿ ಗದ್ದ. ನನಗಂತೂ ಛಂದೇ ಕಾಣತದ," ಅಂದಳು. ಸ್ವಲ್ಪ ಸುಮ್ಮನಿದ್ದು, "ಮೂರು ತಿಂಗಳು ಬಿಟ್ಟು ಬೇಕಂದ್ರ ಹೇಳು. ದವಾಖಾನಿಗಿ ನಾನೂ ಬರ್ತೀನಿ."

ಮೂರು ತಿಂಗಳು ಮುಗಿಯಲು ಇನ್ನೂ ಐದು ವಾರ ಇದೆ. ತಂಗಿ ಏನೂ ತೀರ್ಮಾನ ಮಾಡಿಲ್ಲ. ನಾನೂ ಕೇಳಿಲ್ಲ. ನಿನ್ನೆ ಒಂದು ಫೋಟೋ ಕಳಿಸಿದ್ದಳು. ಅವಳು, ಚಿಗವ್ವ, ಗೋಡೆಯ ಮೇಲೆ ಆಯಿಯ ಹಳೇ ಫೋಟೋ. ಮೂವರೂ ನೇರ ನೋಡುತ್ತಿದ್ದರು.